ಮೊಸರಿನ ಕಂಬಳಿಯೊಳಗಿನ ಬೋರ್ಡು

೧೯ ಫೆಬ್ರವರಿ ೧೯೮೪, ಭಾನುವಾರ

ಈ ದಿನಚರಿಯ ಏಕೈಕ ಓದುಗಾರ್ತಿಯಾದ ವೆನೆತಾ ಎಂಬ ನನಗೆ, ಅದೇ ವೆನೆತಾ ಎಂಬ ನಾನು ವಿನಯಪೂರ್ವಕವಾಗಿ ತಿಳಿಯಪಡಿಸುವುದೇನೆಂದರೆ, ಇಂದು ಬೆಳಿಗ್ಗೆ ನಮ್ಮ ರೇಡಿಯೊ ಕ್ಲಬ್ಬಿನ ನೆಲಮಾಳಿಗೆಯಲ್ಲಿ, ಸಾಕ್ಷಿಗಳ ಸಮಕ್ಷಮದಲ್ಲಿ, ನಾನು ಬಾಯಿಜಾರಿ ಒಂದು ಪ್ರತಿಜ್ಞೆ ಮಾಡಿಬಿಟ್ಟೆ.

ಮುದುಕಿಯಾದ ಮೇಲೆ ಮರೆತುಹೋದೀತೆಂದು ಮೊದಲಿಂದ ಬರೆದಿಡುತ್ತೇನೆ. ನಮ್ಮದು ನರಿಬೇಟೆಯ ಕ್ಲಬ್ಬು. ನರಿಗಳೆಂದರೆ ಕಾಡಿನಲ್ಲಿ ಬಚ್ಚಿಟ್ಟ ಪುಟ್ಟ ಟ್ರಾನ್ಸ್‌ಮಿಟರ್‌ಗಳು. ಒಂದಾದ ಮೇಲೊಂದು ಸರದಿಯಂತೆ ಕೂಗಿ ಸುಮ್ಮನಾಗುತ್ತವೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕೈಯಲ್ಲಿ ರಿಸೀವರ್ ಹಿಡಿದು, ಸದ್ದು ಬಂದ ಕಡೆಗೆ ಓಡಬೇಕು. ಹುಡುಗಿಯರ ತಂಡದಲ್ಲಿ ಜ್ಲಾತಿನಾ, ಕಿನಾ, ನಾನು. ಮೂವರಿಗೆ ಮೂರು ರಿಸೀವರ್. ಕಳೆದ ವಾರ ಹಳ್ಳ ದಾಟುವಾಗ ಕಿನಾ ಜಾರಿ ಬಂಡೆಯ ಮೇಲೆ ಕೂತಳು. ಕಿನಾಗೆ ಏನೂ ಆಗಲಿಲ್ಲ. ಅವಳಿಗೂ ಬಂಡೆಗೂ ನಡುವೆ ಸಿಕ್ಕಿದ ರಿಸೀವರಿನ ಬೋರ್ಡು ಚೂರುಚೂರಾಯಿತು.

ಕ್ಲಬ್ಬಿನ ಯಜಮಾನರಾದ ಬಾಯ್ ದೊಬ್ರಿ (ದೊಬ್ರಿ ಅಣ್ಣ ಎಂದ ಹಾಗೆ), ಕಂಬಳಿ ಕಾರ್ಖಾನೆಯ ಎಲೆಕ್ಟ್ರಿಷಿಯನ್, ಮೀಸೆ ತಿರುವುತ್ತ ಪರಿಸ್ಥಿತಿ ವಿವರಿಸಿದರು. ಹೊಸ ರಿಸೀವರಿಗೆ ಬರೆದುಕೊಂಡರೆ ಮುಂದಿನ ವರ್ಷ ಬರಬಹುದು. ಪ್ರಾಂತ್ಯದ ಪಂದ್ಯ ಮೇ ತಿಂಗಳಲ್ಲಿ. ಮೂವರೂ ಓಡಿ, ಮೂವರೂ ಎಲ್ಲ ನರಿಗಳನ್ನು ಹಿಡಿದು, ಹೊತ್ತಿನೊಳಗೆ ಮರಳಿದರೆ ಮಾತ್ರ ಅದು ತಂಡ. ತಂಡ ಮುರಿದರೆ ಮೊದಲು ಬಂದವಳ ಹೆಸರೂ ರಾಜಧಾನಿ ಸೋಫಿಯಾಕ್ಕೆ ಹೋಗುವುದಿಲ್ಲ. ಮೊದಲು ಬರುವವಳು ಯಾರೆಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಈ ಪ್ರಾಂತ್ಯದಲ್ಲಿ ಜ್ಲಾತಿನಾಳ ಬೆನ್ನು ಬಿಟ್ಟು ಬೇರೆ ಭಾಗ ಕಂಡ ಓಟಗಾರ್ತಿ ಇಲ್ಲ. ದೇಶದ ಕಿರಿಯರ ತಂಡಕ್ಕೆ ಸೇರಲು ಅವಳಿಗೆ ವಯಸ್ಸು ಒಪ್ಪುವ ಕೊನೆಯ ವರ್ಷ ಇದು.

ಎಲ್ಲರೂ ಮೌನವಾದರು. ಮೌನ ನನ್ನ ಮೈಗೆ ಆಗದ ವಸ್ತು. ಸ್ಟೂಲ್ ಹತ್ತಿ, ಎದೆಯ ಮೇಲೆ ಕೈಯಿಟ್ಟು, "ಸಂಗಾತಿಗಳೇ, ಆ ಬೋರ್ಡನ್ನು ನಮ್ಮ ಮನೆಯ ಅಡುಗೆಕೋಣೆಯಲ್ಲಿ ನಾನೇ ತಯಾರಿಸಿ ನಾಡಿಗೆ ಅರ್ಪಿಸುತ್ತೇನೆ" ಎಂದೆ.

ಕಿನಾ ನಕ್ಕು ನಕ್ಕು ಬೆಂಚಿನಿಂದ ಬಿದ್ದಳು. ಅವಳದು ತಪ್ಪಲ್ಲ. ಕಳೆದ ವರ್ಷ ನಾನು ಗೋಡೆಗೆ ಒಂದು ಪ್ರಕಟಣೆ ಅಂಟಿಸಿದ್ದೆ: ನಿಯಮಾನುಸಾರ ಕ್ಲಬ್ಬಿಗೆ ಜೀವಂತ ನರಿಯೊಂದು ಮಂಜೂರಾಗಿದ್ದು, ಸದಸ್ಯರು ಸರದಿಯಂತೆ ಅದರ ಆಹಾರ ತರತಕ್ಕದ್ದು. ಅದನ್ನು ನಂಬಿ ಕಿನಾಳ ಅಮ್ಮ ಎರಡು ಕೋಳಿಕಾಲು ಕಳಿಸಿದ್ದರು. (ಉಪ್ಪು ಕಡಿಮೆಯಿತ್ತು.)

ನಗದಿದ್ದವಳು ಜ್ಲಾತಿನಾ ಒಬ್ಬಳೇ. ಶೂ ದಾರ ಬಿಗಿಯುತ್ತಿದ್ದವಳು ತಲೆಯೆತ್ತಿ, "ಯಾವತ್ತಿಗೆ ಮುಗಿಯುತ್ತೆ?" ಎಂದಳು.

ಏಪ್ರಿಲ್ ಕೊನೆಗೆ ಎಂದೆ. ಸರಿ ಎಂದು ಎದ್ದು ಹೋದಳು, ಅಂಗಡಿಯಿಂದ ಬ್ರೆಡ್ ತರಲು ನನಗೆ ಹೇಳಿ ಹೋದ ಹಾಗೆ.

ತಮಾಷೆ ಮಾಡುವವರನ್ನು ಹೀಗೆ ನಂಬುವುದು ಅಮಾನುಷ.

೨೬ ಫೆಬ್ರವರಿ, ಭಾನುವಾರ

ಬಾಯ್ ದೊಬ್ರಿ ತಮ್ಮ ಮೇಜಿನ ಖಾನೆಯ ತಳದಿಂದ, ಅಂಗೈಯಷ್ಟು ಅಗಲದ, ಒಂದು ಬದಿಗೆ ತಾಮ್ರ ಅಂಟಿಸಿದ ಹಲಗೆಯನ್ನು ತೆಗೆದು ಕೊಟ್ಟರು. ಪಾದ್ರಿ ಪ್ರಸಾದ ಕೊಡುವಾಗಲೂ ಇಷ್ಟು ಹಿಂಜರಿಯುವುದಿಲ್ಲ.

"ಇದೊಂದೇ ಇರೋದು. ಕೆಡಿಸಿದ್ರೆ ಇನ್ನೊಂದು ಕೇಳ್ಬೇಡ, ವೆನಿ. ಇಲ್ಲದ್ದನ್ನ ಎಲ್ಲಿಂದ ತರ್ಲಿ."

ಜೊತೆಗೆ ಹಳೆಯ ರೇಡಿಯೊ ಪತ್ರಿಕೆಯ ಒಂದು ಹಾಳೆ, ಅದರಲ್ಲಿ ಬೋರ್ಡಿನ ನಕ್ಷೆ. ಕ್ಲಬ್ಬಿನ ಕಟ್ಟಳೆ ಏನೆಂದರೆ ರಿಸೀವರ್ ಕೆಟ್ಟರೆ ತಂಡದವರೇ ಸರಿಮಾಡಬೇಕು. ಬಾಯ್ ದೊಬ್ರಿ ಬೆರಳು ತಾಗಿಸುವುದಿಲ್ಲ. ತಪ್ಪಾದಾಗ ಬೆನ್ನ ಹಿಂದೆ ನಿಂತು ಕೆಮ್ಮುತ್ತಾರೆ, ಅಷ್ಟೆ. ಒಡೆದ ಬೋರ್ಡಿನಿಂದ ಬಿಡಿಭಾಗಗಳ ಬೆಸುಗೆ ಬಿಡಿಸುತ್ತ ಇಡೀ ಮಧ್ಯಾಹ್ನ ಕಳೆಯಿತು. ಅವರ ಕೆಮ್ಮು ಕೇಳಿದ ಯಾರಾದರೂ ಆಂಬುಲೆನ್ಸ್ ಕರೆಸುತ್ತಿದ್ದರು.

ಬಿಡಿಭಾಗಗಳೆಲ್ಲ ಬೆಂಕಿಪೊಟ್ಟಣಗಳಲ್ಲಿ ಮಲಗಿವೆ. ಸುಟ್ಟ ಬೆರಳಿಗೆ ರುಸಾ ಅಜ್ಜಿ ಮೊಸರು ಹಚ್ಚಿದ್ದಾಳೆ. ಅಜ್ಜಿಯ ವೈದ್ಯಕೀಯದಲ್ಲಿ ಮೊಸರಿಗೆ ಮಣಿಯದ ರೋಗವಿಲ್ಲ.

೧ ಮಾರ್ಚ್, ಗುರುವಾರ

ಅಜ್ಜಿ ಬೆಳಿಗ್ಗೆಯೇ ಎಲ್ಲರ ಮಣಿಕಟ್ಟಿಗೂ ಕೆಂಪು ಬಿಳಿ ದಾರ ಕಟ್ಟಿದಳು. ನಾನು ಒಂದನ್ನು ಬೆಸುಗೆ ಕಡ್ಡಿಯ ಹಿಡಿಗೂ ಕಟ್ಟಿದೆ. ಅದಕ್ಕೂ ವರ್ಷವಿಡೀ ಆರೋಗ್ಯ ಬೇಡವೇ.

ತಾಮ್ರದ ಮೇಲೆ ಎಲ್ಲೆಲ್ಲಿ ಬಣ್ಣ ಬಳಿಯುತ್ತೇವೋ ಅಲ್ಲಿ ತಾಮ್ರ ಉಳಿಯುತ್ತದೆ, ಮಿಕ್ಕದ್ದನ್ನು ಮದ್ದಿನ ನೀರು ತಿಂದುಹಾಕುತ್ತದೆ. ಗಟ್ಟಿಯಾಗಿ ಕಚ್ಚುವ ಬಣ್ಣವೆಂದರೆ ಉಗುರುಬಣ್ಣ. ಅಮ್ಮನ ಕಪಾಟಿನಲ್ಲಿ ಪೂರ್ವ ಜರ್ಮನಿಯಿಂದ ಬಂದ ಒಂದು ಸೀಸೆ ಇದೆ, ಮದುವೆ ಹಬ್ಬಗಳಿಗೆಂದು ಎತ್ತಿಟ್ಟದ್ದು. ಇತ್ತು.

ಡಬ್ಬದ ಮುಚ್ಚಳದ ಮೇಲೆ ಅಭ್ಯಾಸ ಮಾಡಿದೆ. ಕುಡಿದ ಬಸವನಹುಳು ಮನೆಗೆ ಹೋದ ದಾರಿಯಂತೆ ಬಂತು.

೧೧ ಮಾರ್ಚ್, ಭಾನುವಾರ

ನಕ್ಷೆಯನ್ನು ತಾಮ್ರದ ಮೇಲೆ ಅಂಟಿಸಿ, ರಂಧ್ರ ಬರಬೇಕಾದಲ್ಲೆಲ್ಲ ಮೊಳೆಯಿಂದ ಮೆಲ್ಲಗೆ ಚುಚ್ಚಿದೆ. ಕಾಗದ ತೆಗೆದು, ಚುಚ್ಚಿದ ಗುರುತಿನಿಂದ ಗುರುತಿಗೆ ಗೆರೆ ಎಳೆಯತೊಡಗಿದೆ. ಬ್ರಷ್ಷಿಗಿಂತ ಇಂಜೆಕ್ಷನ್ ಸೂಜಿ ವಾಸಿ: ತುದಿ ಉಜ್ಜಿ ಮೊಂಡು ಮಾಡಿ, ಉಗುರುಬಣ್ಣ ತುಂಬಿ, ಉಸಿರು ಹಿಡಿದು ಒತ್ತಬೇಕು. ಉಸಿರು ಬಿಟ್ಟರೆ ಗೆರೆ ನಡುಗುತ್ತದೆ. ನಗು ಬಂದರಂತೂ ಕೆಟ್ಟಿತು. ನನ್ನ ಬಾಳಿನಲ್ಲಿ ಇಷ್ಟು ಹೊತ್ತು ನಗದೆ ಕೂತದ್ದು ಇದೇ ಮೊದಲು.

ರುಸಾ ಅಜ್ಜಿ ಕನ್ನಡಕ ಏರಿಸಿ ನೋಡಿದಳು. "ಇದ್ಯಾವ ಊರಿನ ಕಸೂತಿಯೇ? ಒಂದು ಹೂವಿಲ್ಲ, ಹಕ್ಕಿಯಿಲ್ಲ."

ಸಂಜೆ ಜ್ಲಾತಿನಾ ಅಭ್ಯಾಸ ಮುಗಿಸಿ ಬಂದಳು. ಒಲೆಯ ಪಕ್ಕದ ಸೌದೆ ಪೆಟ್ಟಿಗೆಯ ಮೇಲೆ ಕೂತು ಒಂದು ತುಂಡು ಚೀಸಿನ ಬಾನಿತ್ಸಾ ತಿಂದಳು, ಕೈ ಒರೆಸಿಕೊಂಡು ದೀಪವನ್ನು ನನ್ನ ಕಡೆಗೆ ವಾಲಿಸಿ ಹಿಡಿದಳು. ಕ್ಲಬ್ಬಿನಲ್ಲಿ ಅವಳಿಗೆ ನಾನಿಟ್ಟ ಹೆಸರು 'ಸ್ಮಾರಕ', ಏಕೆಂದರೆ ಮುಖ ಕದಲುವುದಿಲ್ಲ. ಆ ಸ್ಮಾರಕದ ಕೈಯೂ ಕದಲುವುದಿಲ್ಲವೆಂದು ಇವತ್ತು ಗೊತ್ತಾಯಿತು. ಹೋಗುವಾಗ ಒಂದೇ ಮಾತು: ಎರಡು ಗೆರೆ ಒಂದಕ್ಕೊಂದು ತಾಗಿವೆ ಎಂದಳು. ನಾನು ಭೂತಗನ್ನಡಿ ಹಿಡಿದು ಹುಡುಕಿದೆ. ತಾಗಿದ್ದವು. ಬ್ಲೇಡಿನಿಂದ ಕೆರೆದು ಬಿಡಿಸಿದೆ.

ಅಮ್ಮನಿಗೆ ಖಾಲಿ ಸೀಸೆ ಸಿಕ್ಕಿದೆ. ತನಿಖೆ ಜಾರಿಯಲ್ಲಿದೆ. ನನ್ನ ಹತ್ತೂ ಬೆರಳು ಕೆಂಪಾಗಿರುವುದರಿಂದ ಬಚಾವಾಗುವ ಭರವಸೆ ಇಲ್ಲ.

೨ ಏಪ್ರಿಲ್, ಸೋಮವಾರ

ನಿನ್ನೆ ತಾಮ್ರವನ್ನು ಮದ್ದಿನ ನೀರಿಗೆ ತಿನ್ನಿಸಿದೆ.

ಅದಕ್ಕೆ ಬಳಸುವ ಕಂದು ಪುಡಿ ಎಲ್ಲೂ ಸಿಗಲಿಲ್ಲ. ಬಾಯ್ ದೊಬ್ರಿ ಮೈಲುತುತ್ತವೂ ಅಡುಗೆ ಉಪ್ಪೂ ಸಾಕು, ನಿಧಾನ ಆದರೆ ಕೆಲಸ ಆಗುತ್ತದೆ ಎಂದರು. ದ್ರಾಕ್ಷಿ ಬಳ್ಳಿಯಿರುವ ಯಾವ ಮನೆಯಲ್ಲಿ ಮೈಲುತುತ್ತವಿಲ್ಲ! ಆದರೆ ನಮ್ಮ ಮನೆಯದು ರುಸಾ ಅಜ್ಜಿಯ ವಶದಲ್ಲಿದೆ, ನೆಲಮಾಳಿಗೆಯಲ್ಲಿ, ಬೀಗದೊಳಗೆ. ಬಳ್ಳಿಗೆ ಹೊಡೆಯುವ ಮದ್ದನ್ನು ಆಟಕ್ಕೆ ಕೊಡುವುದಿಲ್ಲವೆಂದಳು. ದೀರ್ಘ ಮಾತುಕತೆಯ ಬಳಿಕ ಒಪ್ಪಂದವಾಯಿತು: ಈ ಬೇಸಿಗೆಯಲ್ಲಿ ಎಲ್ಲ ಸಾಲುಗಳಿಗೂ ನಾನೇ ಮದ್ದು ಹೊಡೆಯತಕ್ಕದ್ದು, ಗೊಣಗತಕ್ಕದ್ದಲ್ಲ.

ಬಿಸಿನೀರಿಗೆ ಮೈಲುತುತ್ತ ಹಾಕಿದರೆ ಆಕಾಶದಂಥ ನೀಲಿ. ಉಪ್ಪು ಸುರಿದೊಡನೆ ಪಾಚಿಹಸಿರು. ಬೋರ್ಡನ್ನು ಅಗಲಬಾಯಿಯ ಗಾಜಿನ ಜಾಡಿಯಲ್ಲಿ ಮುಳುಗಿಸಿದೆ. ತೊಂದರೆ ಏನೆಂದರೆ ನೀರು ಗಂಟೆಗಟ್ಟಲೆ ಬೆಚ್ಚಗಿರಬೇಕು, ಒಲೆಯ ಮೇಲಿಟ್ಟರೆ ಉಗುರುಬಣ್ಣ ಏಳುತ್ತದೆ. ತಲೆ ಕೆರೆದುಕೊಳ್ಳುತ್ತ ನಿಂತಾಗ ಒಲೆಯ ಪಕ್ಕದಲ್ಲಿ ಅಜ್ಜಿಯ ಮೊಸರಿನ ಉಣ್ಣೆ ಕಂಬಳಿ ಕಂಡಿತು. ಹಾಲಿಗೆ ಹೆಪ್ಪು ಹಾಕಿ ಅದರಲ್ಲಿ ಸುತ್ತಿಟ್ಟರೆ ಬೆಳಗಿನವರೆಗೂ ಬಿಸಿ ಆರದು. ಸುತ್ತಿಟ್ಟೆ.

ಆಗಾಗ ಬಿಚ್ಚಿ, ಜಾಡಿಯನ್ನು ತೊಟ್ಟಿಲಂತೆ ತೂಗಿ, ಮತ್ತೆ ಸುತ್ತುತ್ತಿದ್ದೆ. ಮಧ್ಯೆ ಒಂದು ಸಲ ಅಂಗಳಕ್ಕೆ ಹೋಗಿ ಬರುವಷ್ಟರಲ್ಲಿ ಅಜ್ಜಿ ಬಟ್ಟಲು ಚಮಚ ಹಿಡಿದು ಕಂಬಳಿಯ ಮುಂದೆ ನಿಂತಿದ್ದಳು. ಕಂಬಳಿ ತೆರೆದಿತ್ತು. ಹಸಿರು ನೀರನ್ನೂ ನನ್ನನ್ನೂ ಸರದಿಯಲ್ಲಿ ನೋಡಿದಳು.

"ನಾನು ಎಪ್ಪತ್ತು ವರ್ಷ ಮೊಸರು ಮಾಡಿದೀನಿ. ಇಂಥದ್ದು ನೋಡಿಲ್ಲ."

ಕಂಬಳಿಯನ್ನು ತೊಳೆದುಕೊಡುವ ಷರತ್ತು ಒಪ್ಪಂದಕ್ಕೆ ಸೇರ್ಪಡೆಯಾಯಿತು.

ಸಂಜೆಗೆ ಕೆಂಪು ಗೆರೆಗಳ ನಡುವಿನ ತಾಮ್ರವೆಲ್ಲ ಕರಗಿತ್ತು. ಅಸಿಟೋನ್ ಹಚ್ಚಿ ಉಗುರುಬಣ್ಣ ಒರೆಸಿದೆ. ಕೆಳಗಿನಿಂದ ತಾಮ್ರದ ದಾರಿಗಳು ಹೊಳೆಯುತ್ತ ಎದ್ದವು, ಒಂದೂ ತುಂಡಾಗದೆ. ನಾನು ಅಡುಗೆಕೋಣೆಯಲ್ಲಿ ಒಬ್ಬಳೇ ಹೊರೊ ಕುಣಿದೆ. ಒಬ್ಬಳೇ ಕುಣಿಯುವ ಕುಣಿತವಲ್ಲ ಅದು, ಆದರೂ ಕುಣಿದೆ.

ಒಂದು ವಿಚಿತ್ರ ಬರೆಯಲು ಮರೆತೆ. ನಿನ್ನೆಯೆಲ್ಲ ಜನ ಹೇಗೆಹೇಗೋ ಆಡುತ್ತಿದ್ದರು. ಕಿನಾ ಬಂದವಳು ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿ ಕೂತಳು, ಕೊಟ್ಟ ತಿಂಡಿ ಮುಟ್ಟಲಿಲ್ಲ. ಪಕ್ಕದ ಮನೆಯಾಕೆ ಸಕ್ಕರೆ ಸಾಲ ಪಡೆದು, ನನ್ನೆದುರೇ ನೆಕ್ಕಿ ನೋಡಿಕೊಂಡು ಹೋದಳು. ಇವತ್ತು ಬ್ರೆಡ್ ತರಲು ಹೋದರೆ ಅಂಗಡಿಯಾತ ಮುಖ ಸಣ್ಣದು ಮಾಡಿಕೊಂಡು, "ನಿನ್ನೆ ನಿನಗೋಸ್ಕರ ಕಾದೇ ಕಾದೆ, ಮಗಳೇ. ಹುಷಾರಿರ್ಲಿಲ್ವಾ?" ಎಂದ.

ಆಮೇಲೆ ಹೊಳೆಯಿತು. ನಿನ್ನೆ ಏಪ್ರಿಲ್ ಒಂದು.

೩ ಏಪ್ರಿಲ್, ಮಂಗಳವಾರ

ಬೋರ್ಡು ಕನ್ನಡಿಯಾಗಿದೆ.

ರಂಧ್ರ ಕೊರೆದು ಮೊದಲ ಟ್ರಾನ್ಸಿಸ್ಟರ್ ಇಳಿಸಿದೆ. ಅದರ ಕಾಲುಗಳು ಬೀಳಬೇಕಾದಲ್ಲಿ ಬೀಳಲಿಲ್ಲ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಪತ್ರಿಕೆಯವರು ನಕ್ಷೆ ಬರೆದದ್ದು ಬಿಡಿಭಾಗ ಕೂರುವ ಬದಿಯಿಂದ ನೋಡಿ. ನಾನು ಅದನ್ನು ತಾಮ್ರದ ಬದಿಗೆ ಅಂಟಿಸಿ ಚುಚ್ಚಿದೆ. ಹಾಳೆಯ ಅಡಿಯಲ್ಲಿ ಇರುವೆಯಂಥ ಅಕ್ಷರದಲ್ಲಿ ಬರೆದೂ ಇದೆ.

ಇನ್ನೊಂದು ಹಲಗೆಯಿಲ್ಲ.

೫ ಏಪ್ರಿಲ್, ಗುರುವಾರ

ಜ್ಲಾತಿನಾಗೆ ಹೇಳಲು ಮೈದಾನಕ್ಕೆ ಹೋದೆ. ದಾರಿಯಲ್ಲಿ ಮೂರು ನಮೂನೆಯ ಹಾಸ್ಯ ಸಿದ್ಧಪಡಿಸಿಕೊಂಡಿದ್ದೆ. ಅವಳು ಸುತ್ತು ಮುಗಿಸಿ ಏದುಸಿರು ಬಿಡುತ್ತ ಬಂದು ನಿಂತಾಗ ಒಂದೂ ಬಾಯಿಗೆ ಬರಲಿಲ್ಲ. ಕೆಡಿಸಿಬಿಟ್ಟೆ ಎಂದೆ.

ಅವಳು ಬಯ್ಯಲಿಲ್ಲ. ಹುಲ್ಲಿನ ಮೇಲೆ ಕೂತು, ಏನಾಗಿದೆ ತೋರಿಸು ಎಂದಳು. ಬೋರ್ಡನ್ನು ಬಿಸಿಲಿಗೆ ಹಿಡಿದು ವಿವರಿಸಿದೆ. ಬಿಡಿಭಾಗಗಳು ಕೂರುವುದು ಈ ಬೋಳು ಬದಿಯಲ್ಲಿ, ಕಾಲುಗಳು ರಂಧ್ರದಲ್ಲಿ ಇಳಿದು ಆ ಕಡೆಯ ತಾಮ್ರಕ್ಕೆ ಬೆಸೆಯುತ್ತವೆ, ಈ ಬದಿಯಿಂದ ನೋಡಿದರೆ ಎಲ್ಲ ಉಲ್ಟಾ, ಆ ಬದಿಯಿಂದ ನೋಡಿದರೆ ನಕ್ಷೆಯಲ್ಲಿದ್ದ ಹಾಗೆಯೇ ಇದೆ, ಅಲ್ಲಿ ಮಾತ್ರ ಎಲ್ಲ ಸರಿ...

ಹೇಳುತ್ತ ಹೇಳುತ್ತ ನನ್ನ ಬಾಯಿ ನಿಂತಿತು.

ತಾಮ್ರದ ಬದಿಯಲ್ಲಿ ಎಲ್ಲ ಸರಿಯಿದ್ದರೆ, ಬಿಡಿಭಾಗಗಳೂ ತಾಮ್ರದ ಬದಿಯಲ್ಲೇ ಕೂರಲಿ! ಮಹಡಿಯಲ್ಲಿ ವಾಸ ಮಾಡಬೇಕೆಂದು ಯಾರು ಕಾನೂನು ಮಾಡಿದ್ದಾರೆ? ಬೆಸುಗೆ ಹಾಕುವುದು ಕಷ್ಟ, ಕಾಲುಗಳನ್ನು ಉದ್ದ ಬಿಟ್ಟು ಅದರಡಿ ಕಡ್ಡಿ ತೂರಿಸಬೇಕು. ಆದರೆ ಕಷ್ಟವೆಂದರೆ ಆಗದು ಎಂದರ್ಥವಲ್ಲ.

"ಹಂಗಾದ್ರೆ ಕೆಟ್ಟಿಲ್ಲ," ಎಂದಳು ಜ್ಲಾತಿನಾ, ಮತ್ತೆ ಓಡಲು ಹೋದಳು.

ಬಾಯ್ ದೊಬ್ರಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. ಕೆಮ್ಮಲಿಲ್ಲ.

೨೨ ಏಪ್ರಿಲ್, ಭಾನುವಾರ

ಈಸ್ಟರ್. ಮೊಟ್ಟೆ ಕುಟ್ಟುವ ಪಂದ್ಯದಲ್ಲಿ ರುಸಾ ಅಜ್ಜಿಯ ಕೆಂಪು ಮೊಟ್ಟೆ ಮನೆಯವರ ಮೊಟ್ಟೆಗಳನ್ನೆಲ್ಲ ಒಡೆದು ಅಜೇಯವಾಗಿ ಉಳಿಯಿತು. ಪ್ರತಿವರ್ಷ ಹೀಗೇ ಆಗುವುದರಿಂದ ನಾನು ಮರದ ಮೊಟ್ಟೆಯ ಅನುಮಾನ ಮುಂದಿಟ್ಟೆ. ಸಾಬೀತಾಗಲಿಲ್ಲ.

ಎರಡು ವಾರದಿಂದ ಏನೂ ಬರೆದಿಲ್ಲ. ಶಾಲೆ, ಬೆಸುಗೆ, ನಿದ್ದೆ. ತಾಮ್ರದ ಬದಿಯಲ್ಲಿ ಕೂತ ಬಿಡಿಭಾಗಗಳು ನೆಟ್ಟಗೆ ನಿಂತು, ರಿಸೀವರಿನ ಪೆಟ್ಟಿಗೆಯ ಮುಚ್ಚಳ ಮುಚ್ಚಲಿಲ್ಲ. ಬೋರ್ಡನ್ನು ಮಗುಚಿ ಹಾಕಿದೆ, ಮುಚ್ಚಿತು. ಆಂಟೆನಾದ ಸುರುಳಿಯಿಂದ ಬರುವ ಎರಡು ತಂತಿಗಳನ್ನು ಕೊನೆಗೆ ಸೇರಿಸಿದೆ.

ಬ್ಯಾಟರಿ ಹಾಕಿದೆ. ಸದ್ದಿಲ್ಲ. ಎರಡು ದಿನ ಸದ್ದಿಲ್ಲ. ನಿನ್ನೆ ಒಂದು ಬೆಸುಗೆ ಬೂದಿಬಣ್ಣ ತಿರುಗಿದ್ದು ಕಂಡಿತು, ಕಡ್ಡಿ ತಾಗಿಸಿ ಕರಗಿಸಿದೆ. ಇವತ್ತು ಊಟದ ನಡುವೆ ಎದ್ದುಹೋಗಿ ಇನ್ನೊಮ್ಮೆ ಕಿವಿಗಿಟ್ಟುಕೊಂಡೆ. ಕ್ಲಬ್ಬಿನಲ್ಲಿ ಬಾಯ್ ದೊಬ್ರಿ ನರಿಯನ್ನು ಹಚ್ಚಿಟ್ಟಿದ್ದರು, ಹಬ್ಬದ ದಿನವೂ. ಕೇಳಿತು. ಊರಿನ ಆ ತುದಿಯಿಂದ, ಸಣ್ಣಗೆ, ಸ್ಪಷ್ಟವಾಗಿ.

ಅಜ್ಜಿಗೂ ಹೆಡ್‌ಫೋನ್ ಹಾಕಿದೆ. ಹಸಿದ ಕೋಳಿಮರಿಯ ಹಾಗೆ ಕೂಗುತ್ತದಲ್ಲ ಎಂದಳು, ಪಾಪ, ಯಾರಾದರೂ ಏನಾದರೂ ಹಾಕಬಾರದೇ ಎಂದಳು.

೬ ಮೇ, ಭಾನುವಾರ

ಸಂತ ಗೆಯೋರ್ಗಿಯ ದಿನ. ಕುರಿಮಾಂಸ ತಿನ್ನುವ ಮೊದಲು ಅಭ್ಯಾಸ. ಬಾಯ್ ದೊಬ್ರಿ ನರಿಯನ್ನು ಖಾಲಿ ಜೇನುಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದರು, ತುಂಬಿದ ಪೆಟ್ಟಿಗೆಗಳ ಸಾಲಿನಲ್ಲಿ. ನನ್ನ ಹಳೆಯ ರಿಸೀವರ್ ಈಗ ಕಿನಾಳದು; ನಾನೇ ಮಾಡಿದ್ದು ನನ್ನನ್ನು ನೇರವಾಗಿ ಅದರ ಬಾಗಿಲಿಗೆ ಕರೆದೊಯ್ದಿತು. ಆಂಟೆನಾ ತಿರುಗಿಸಿದರೆ ನರಿಯಿರುವ ಗೆರೆ ಸಿಗುತ್ತದೆ. ಗುಂಡಿ ಒತ್ತಿದರೆ ಆ ಗೆರೆಯಲ್ಲಿ ನರಿ ಮುಂದಿದೆಯೋ ಹಿಂದಿದೆಯೋ ತಿಳಿಯುತ್ತದೆ, ಮುಂದಿದ್ದರೆ ಸದ್ದು ಜೋರು. ಎರಡೂ ಕರಾರುವಾಕ್ಕು. ಕಿನಾ ಎರಡು ಜೇನು ಕಚ್ಚಿಸಿಕೊಂಡಳು.

ರಿಸೀವರ್ ಚೆನ್ನಾಗಿದೆ, ನಿನ್ನ ಓಟ ಚೆನ್ನಾಗಿಲ್ಲ ಎಂದಳು ಜ್ಲಾತಿನಾ. ನಾಳೆಯಿಂದ ಬೆಳಿಗ್ಗೆ ಅವಳ ಜೊತೆ ಓಡಬೇಕಂತೆ. ಬೆಳಗಿನ ಓಟದಿಂದ ಹಾಸ್ಯಪ್ರಜ್ಞೆಗೆ ಧಕ್ಕೆಯಾಗುತ್ತದೆಂಬ ವೈದ್ಯರ ಪ್ರಮಾಣಪತ್ರ ಬರೆಯೋಣವೆಂದು ಕೂತೆ. ಮೊದಲ ಸಾಲಿನಲ್ಲೇ ನಿದ್ದೆ ಬಂತು.

೨೦ ಮೇ, ಭಾನುವಾರ

ಎಲ್ಲವನ್ನೂ ಬರೆಯಬೇಕು, ಕ್ರಮವಾಗಿ.

ಪ್ರಾಂತ್ಯದ ಪಂದ್ಯಕ್ಕೆಂದು ಬೆಟ್ಟದ ಮೇಲಿನ ತಂಗುದಾಣಕ್ಕೆ ಬೆಳಿಗ್ಗೆ ಬಸ್ಸಿನಲ್ಲಿ ಬಂದೆವು. ತಿರುವೊಂದರಲ್ಲಿ ಕಿನಾಳ ಚೀಲ ಮೇಲಿನಿಂದ ನನ್ನ ರಿಸೀವರಿನ ಮೇಲೆ ಬಿತ್ತು. ಈ ಹುಡುಗಿಗೂ ರಿಸೀವರುಗಳಿಗೂ ಹಿಂದಿನ ಜನ್ಮದ ದ್ವೇಷವಿರಬೇಕು. ಸುರುಳಿಯ ಎರಡೂ ತಂತಿ ಕಿತ್ತುಬಂದವು. ತಂಗುದಾಣದ ಅಡುಗೆಕೋಣೆಯಲ್ಲಿ, ಸೂಪಿನ ಹಂಡೆಯ ಪಕ್ಕ, ಬೆಸುಗೆ ಕಡ್ಡಿ ಕಾಯಿಸಿ, ಪತ್ರಿಕೆಯ ಹಾಳೆ ಎದುರಿಗಿಟ್ಟುಕೊಂಡು, ಎಡದ ತಂತಿ ಎಡಕ್ಕೆ ಬಲದ್ದು ಬಲಕ್ಕೆ ಸೇರಿಸಿದೆ. ಪರೀಕ್ಷಿಸಲು ನರಿ ಇರಲಿಲ್ಲ. ಪಂದ್ಯ ಶುರುವಾಗುವ ತನಕ ಅವು ಕೂಗುವುದಿಲ್ಲ.

ಜ್ಲಾತಿನಾ ಮೊದಲು ಹೊರಟಳು. ಆಮೇಲೆ ಕಿನಾ. ಕೊನೆಯ ಸರದಿ ನನ್ನದು, ಗಾಬ್ರೊವೊ ಊರಿನ ಹಳದಿ ಅಂಗಿಯ ಉದ್ದನೆ ಹುಡುಗಿಯೊಬ್ಬಳ ಜೊತೆ.

ಹಿಡಿಯಬೇಕಾದದ್ದು ಮೂರು ನರಿ. ಮೊದಲನೆಯದು ಕೂಗಿತು. ಗೆರೆ ಸಿಕ್ಕಿತು, ಗುಂಡಿ ಒತ್ತಿದೆ, ಬೆಟ್ಟದ ಮೇಲೆ ಎಂದಿತು. ಹತ್ತಿದೆ. 'ಬೀಚ್' ಮರಗಳ ನಡುವೆ ಬಿದ್ದೆದ್ದು ಹತ್ತಿದೆ. ಮತ್ತೆ ಸರದಿ ಬಂದಾಗ ಕೂಗು ಇನ್ನೂ ಸಣ್ಣದಾಗಿತ್ತು. ನರಿ ದೂರವಿದೆ ಎಂದುಕೊಂಡು ಇನ್ನಷ್ಟು ಹತ್ತಿದೆ. ಇನ್ನೂ ಸಣ್ಣ. ಬ್ಯಾಟರಿ ಸತ್ತಿತೆಂದು ಬದಲಾಯಿಸಿದೆ, ಆತುರದಲ್ಲಿ ಒಂದು ಹುಲ್ಲಿನಲ್ಲಿ ಕಳೆಯಿತು, ಹುಡುಕಿದೆ. ಕೊನೆಗೆ ಕಾಡೇ ಮುಗಿದು ಹುಲ್ಲುಗಾವಲು ಬಂತು. ಒಬ್ಬ ಕುರುಬ ಕೋಲಿಗೊರಗಿ ನಿಂತು ನನ್ನನ್ನು ನೋಡುತ್ತಿದ್ದ. ಇಲ್ಲಿ ಯಾರಾದರೂ ಓಡಿಬಂದರೇ ಎಂದು ಕೇಳಿದೆ.

"ನೀನೇ ಮೊದಲ್ನೇವ್ಳು. ಕುರಿ ಸಹ ಇಷ್ಟು ಮೇಲೆ ಬರಲ್ಲ, ಮಗಳೇ."

ಹುಲ್ಲಿನ ಮೇಲೆ ಕುಸಿದೆ. ಅಳು ಬಂತು, ಬಂದದ್ದನ್ನು ಬರೆಯುತ್ತೇನೆ. ಕೆಳಗೆ ಎಲ್ಲೋ ಜ್ಲಾತಿನಾ ಮೂರನ್ನೂ ಹಿಡಿದು ಗುರಿಯ ಕಡೆ ಓಡುತ್ತಿರುತ್ತಾಳೆ. ಮೊದಲು ಬರುತ್ತಾಳೆ. ಬಂದು, ನೀರು ಕುಡಿದು, ನಾನು ಬರುವ ದಾರಿ ನೋಡುತ್ತ ನಿಲ್ಲುತ್ತಾಳೆ. ನಾನು ಬರದಿದ್ದರೆ ಅವಳು ಓಡಿದ್ದೂ ಓಡಿದಂತಲ್ಲ.

ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದೆ. ಮಗುಚಿ ಕೂರಿಸಿದ ಬೋರ್ಡಿನ ಬೋಳು ಬೆನ್ನು ಕಾಣುತ್ತಿತ್ತು. ಮಗುಚಿದ ಬೋರ್ಡಿನಲ್ಲಿ ಎಡವೆಂದರೆ ಬಲ. ಬೆಳಿಗ್ಗೆ ಹಾಳೆ ನೋಡಿ ಎಡಕ್ಕೆ ಎಡ ಸೇರಿಸಿದ್ದೆ. ಸುರುಳಿ ತಿರುಗುಮುರುಗಾಗಿತ್ತು. ಗೆರೆ ಸರಿಯಾಗಿಯೇ ಹೇಳುತ್ತಿತ್ತು. ಮುಂದಿದೆ ಎಂದಾಗಲೆಲ್ಲ ನರಿ ಬೆನ್ನ ಹಿಂದಿತ್ತು. ನಾನು ಊರಿಗೆಲ್ಲ ಮಾಡಿದ್ದನ್ನು ನನ್ನ ಕೈಯಲ್ಲಿ ಹುಟ್ಟಿದ ಕೂಸು ಗಂಭೀರ ಮುಖದಿಂದ ನನಗೇ ಮಾಡಿತ್ತು.

ಎದ್ದೆ. ಕುರುಬ ಏನೋ ಕೂಗಿದ, ಕೇಳಿಸಲಿಲ್ಲ. ಆ ಇಳಿಜಾರನ್ನು ಹೇಗೆ ಇಳಿದೆನೆಂದು ಕೇಳಬಾರದು, ಪ್ಯಾಂಟಿನ ಹಿಂಭಾಗ ಸಾಕ್ಷಿ ಹೇಳುತ್ತದೆ. ರಿಸೀವರ್ ಉತ್ತರವೆಂದರೆ ದಕ್ಷಿಣಕ್ಕೆ ಓಡಿದೆ, ಮುಂದೆ ಎಂದರೆ ತಿರುಗಿದೆ. ಮೊದಲ ನರಿ ಹಳ್ಳದ ಪಕ್ಕ, ಬಿದ್ದ ಮರದ ಬುಡದಲ್ಲಿ. ಚೀಟಿಗೆ ಗುರುತು ಒತ್ತಿಕೊಂಡೆ. ಎರಡನೆಯದು ಕಲ್ಲುಗಣಿಯಲ್ಲಿ.

ಅಲ್ಲಿಂದ ಹೊರಟಾಗ ಹಳದಿ ಅಂಗಿಯವಳು ನನ್ನ ಬೆನ್ನು ಹಿಡಿದಿದ್ದಳು. ಅವಳಿಗೂ ಮೂರನೆಯದೇ ಬಾಕಿ. ನಾನು ನಿಂತು ರಿಸೀವರನ್ನು ಗುಡ್ಡದ ಕಡೆ ಎತ್ತಿ ಹಿಡಿದು, ಗುಂಡಿ ಒತ್ತಿ, ತಲೆಯಾಡಿಸಿ, ತಿರುಗಿ ಹೊಲದ ಕಡೆ ಓಡಿದೆ. ಅವಳು ಗಕ್ಕನೆ ನಿಂತಳು.

"ಆ ಕಡೆ ತೋರಿಸ್ತಿದ್ದಿ, ಈ ಕಡೆ ಓಡ್ತಿದ್ದಿ?"

"ನನ್ನ ಪೆಟ್ಟಿಗೆ ಉಲ್ಟಾ ಹೇಳುತ್ತೆ," ಎಂದೆ ಓಡುತ್ತಲೇ.

"ಯಾರ ಕಿವಿಗೆ ಹೂ ಇಡ್ತೀಯ? ನೀನು ಆ ವೆನೆತಾ ಅಲ್ವಾ, ನಿನ್ನ ವಿಷಯ ನಂಗೊತ್ತು," ಎಂದವಳೇ ಗುಡ್ಡ ಹತ್ತಿದಳು.

ನನ್ನ ಖ್ಯಾತಿ ಊರಿನ ಗಡಿ ದಾಟಿದೆ ಎಂದು ಹಿಗ್ಗಲು ಅದು ಹೊತ್ತಲ್ಲ. ಅಲ್ಲ ಕಣೇ, ನಿಜ ಹೇಳ್ತಿದೀನಿ ಎಂದು ಎರಡು ಸಲ ಕೂಗಿದೆ. ಅವಳು ತಿರುಗಿ ನೋಡಲಿಲ್ಲ. ಮೂರನೆಯ ನರಿ ಹೊಲದಂಚಿನ ಹಳೆಯ ಬಾವಿಕಟ್ಟೆಯ ಹಿಂದೆ ಇತ್ತು.

ಕೊನೆಯ ಬಯಲಿಗೆ ಬಂದಾಗ ತೀರ್ಪುಗಾರರು ಕೆಂಪು ಬಾವುಟ ಎತ್ತಿ ಗಡಿಯಾರ ನೋಡುತ್ತಿದ್ದರು. ಅದು ಕೆಳಗಿಳಿದರೆ ಹೊತ್ತು ಮುಗಿಯಿತು. ಕಿನಾ ಕುಣಿಯುತ್ತ ಕೂಗುತ್ತಿದ್ದಳು, ಬಾಯ್ ದೊಬ್ರಿ ಟೋಪಿ ಕಚ್ಚಿಕೊಂಡಿದ್ದರು. ಜ್ಲಾತಿನಾ ಗೆರೆಯ ಆಚೆ ನಿಂತಿದ್ದಳು. ಕೂಗಲಿಲ್ಲ, ಕೈಬೀಸಲಿಲ್ಲ. ಎರಡೂ ಕೈ ನನ್ನ ಕಡೆ ಚಾಚಿ ಸುಮ್ಮನೆ ನಿಂತಿದ್ದಳು. ಅವಳ ಮುಖವೊಂದನ್ನೇ ನೋಡುತ್ತ ಓಡಿದೆ. ಗೆರೆ ದಾಟಿದ್ದು ಗೊತ್ತಾಗಲಿಲ್ಲ, ಅವಳ ಕೈಗೆ ಡಿಕ್ಕಿ ಹೊಡೆದದ್ದು ಗೊತ್ತಾಯಿತು. ಇಬ್ಬರೂ ಬಿದ್ದೆವು. ಬಿದ್ದಲ್ಲಿಂದ ನೋಡಿದಾಗ ಬಾವುಟ ಇನ್ನೂ ಮೇಲೆಯೇ ಇತ್ತು.

ತಂಡವಾಗಿ ನಾವು ಎರಡನೆಯವರು. ಓಟದಲ್ಲಿ ಜ್ಲಾತಿನಾ ಮೊದಲನೆಯವಳು. ಅವಳ ಹೆಸರು ಸೋಫಿಯಾಕ್ಕೆ ಹೋಯಿತು.

ಸಂಜೆ ಮುಖ್ಯ ತೀರ್ಪುಗಾರರು ನನ್ನ ರಿಸೀವರ್ ಬಿಚ್ಚಿಸಿ ನೋಡಿದರು, ಮನೆಯಲ್ಲಿ ಮಾಡಿದ್ದನ್ನೆಲ್ಲ ನೋಡುತ್ತಾರೆ. ತಾಮ್ರದ ಬದಿಯಲ್ಲಿ ನಿಂತ ಬಿಡಿಭಾಗಗಳನ್ನು ಕಂಡು ಹುಬ್ಬೇರಿಸಿ, ಯಾರು ಮಾಡಿದ್ದು ಎಂದರು. ನಾನು ಎಂದೆ. ಸುತ್ತಲಿದ್ದವರೆಲ್ಲ ನಕ್ಕರು, ನಮ್ಮ ಕ್ಲಬ್ಬಿನವರೇ ಜೋರಾಗಿ.

"ಅವಳೇ ಮಾಡಿದ್ದು," ಎಂದಳು ಜ್ಲಾತಿನಾ. "ದೀಪ ಹಿಡಿದವಳು ನಾನು."

ನಗು ನಿಂತಿತು.

ತೀರ್ಪುಗಾರರು ಬೋರ್ಡನ್ನು ಇನ್ನೊಮ್ಮೆ ಹತ್ತಿರ ಹಿಡಿದು ನೋಡಿ, ಗೆರೆಗಳು ಅಚ್ಚುಕಟ್ಟಾಗಿವೆ, ಯಾವ ಬಣ್ಣ ಬಳಸಿದೆ ಎಂದರು. ಅಮ್ಮನ ಮರ್ಯಾದೆಗಾಗಿ ಅದು ಜರ್ಮನಿಯದೆಂದಷ್ಟೇ ಹೇಳಿದೆ.

೨೭ ಮೇ, ಭಾನುವಾರ

ಬೆಳಿಗ್ಗೆ ದ್ರಾಕ್ಷಿ ಸಾಲಿಗೆ ಮದ್ದು ಹೊಡೆಯುತ್ತಿದ್ದೆ, ಗೊಣಗದೆ. ಜ್ಲಾತಿನಾ ಬೇಲಿ ಹಾರಿ ಬಂದಳು. ಕೈಯಲ್ಲಿ ಹೊಸ ತಾಮ್ರದ ಹಲಗೆ. ಸೋಫಿಯಾದ ಶಿಬಿರಕ್ಕೆ ಹೋಗಿ ಬಂದಿದ್ದಳು, ಅಲ್ಲಿ ಯಾರನ್ನೋ ಬೇಡಿ ತಂದದ್ದು.

"ನಂಗೊಂದು ರಿಸೀವರ್ ಮಾಡ್ಕೊಡು. ಜುಲೈಗೆ ಬೇಕು. ಕ್ಲಬ್ಬಿನದು ಬೇಡ, ನಿನ್ನದೇ ಬೇಕು."

ದೇಶದ ತಂಡದಲ್ಲಿ ಓಡುವವಳು ನನ್ನ ಕೈಯ ಪೆಟ್ಟಿಗೆ ಹಿಡಿದು ಓಡುತ್ತಾಳೆ! ಮದ್ದಿನ ಪಂಪು ಕೆಳಗಿಟ್ಟು ಕೈ ಒರೆಸಿಕೊಂಡೆ. ಈ ಸಲ ನಕ್ಷೆಯನ್ನು ಸರಿಯಾದ ಬದಿಯಿಂದ ಬರೆಯುತ್ತೇನೆ, ತಂತಿಗಳಿಗೆ ಬೇರೆಬೇರೆ ಬಣ್ಣ ಕೊಡುತ್ತೇನೆ, ಬಸ್ಸೇ ಮೇಲೆ ಬಿದ್ದರೂ ತಪ್ಪು ದಿಕ್ಕು ತೋರಿಸುವುದಿಲ್ಲ ಎಂದು ಮಾತು ಕೊಟ್ಟೆ.

"ಅದೇ ಬೇಡ," ಎಂದಳು.

"ಯಾವುದು?"

"ಸರಿ ದಿಕ್ಕು. ಅಲ್ಲಿ ಎಲ್ರೂ ನನ್ನ ಬೆನ್ನು ಹಿಡಿದೇ ಓಡೋದು. ನಿಂದರ ಹಾಗೆ ಉಲ್ಟಾ ಮಾಡ್ಕೊಡು. ಅರ್ಧ ತಂಡ ಬೆಟ್ಟ ಹತ್ತಲಿ."

ಮುಖ ಎಂದಿನಂತೆ ಕಲ್ಲು.

ಇದು ಆಟಿಕೆಯಲ್ಲ, ಇಂಥದ್ದರಲ್ಲಿ ತಮಾಷೆ ಕೂಡದು, ಉಪಕರಣವೆಂದ ಮೇಲೆ ನಿಜ ಹೇಳಬೇಕು ಎಂದು ನಾನು ಸ್ಪಷ್ಟವಾಗಿ ತಿಳಿಸಿದೆ. ಅವಳು ಸಾಲುಗಳ ನಡುವೆ ನನ್ನ ಹಿಂದೆಯೇ ನಡೆಯುತ್ತ ಮಧ್ಯಾಹ್ನದವರೆಗೆ ವಾದಿಸಿದಳು. ತನಗೆ ಉಲ್ಟಾ ಎಂದು ಗೊತ್ತಿರುವಾಗ ಅದು ಸುಳ್ಳು ಹೇಗಾಗುತ್ತದೆ ಎಂದಳು. ಕೊನೆಗೆ ಒಂದು ರಾಜಿಗೆ ಬಂದೆವು: ಪಕ್ಕದಲ್ಲಿ ಪುಟ್ಟ ಸ್ವಿಚ್ಚು, ಒಂದು ಕಡೆಗೆ ನೂಕಿದರೆ ನೇರ, ಇನ್ನೊಂದು ಕಡೆಗೆ ಉಲ್ಟಾ. ಎಲ್ಲಿ ನೂಕುತ್ತಾಳೋ ಅವಳ ಪಾಪ ಅವಳಿಗೆ.

ಅವಳು ಒಳಗೆ ರುಸಾ ಅಜ್ಜಿಯ ಮುಂದೆ ಕೂತು ಮೊಸರು ತಿನ್ನುತ್ತಿದ್ದಾಳೆ. ನಾನು ನಕ್ಷೆ ಬರೆಯುತ್ತಿದ್ದೇನೆ. ಸ್ವಿಚ್ಚಿಗೆ ಜಾಗ ಮಾಡಲು ಮೂರು ಗೆರೆ ಸರಿಸಬೇಕು, ಅದಕ್ಕೆ ಎಲ್ಲವನ್ನೂ ಮೊದಲಿನಿಂದ ಎಳೆಯಬೇಕು. ಎಳೆಯುತ್ತೇನೆ. ಜುಲೈ ಎಂದಿದ್ದಾಳೆ, ಜೂನ್‌ನಲ್ಲೇ ಕೊಡುತ್ತೇನೆ.